ಲೀಡರ್‌ಗಳನ್ನ ಬೈಯೋದಲ್ಲ, ಹಿಡಿದು ಕೇಳೋದು ಹೆಂಗ

2024ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಮಿನ (ಹೊಸಪೇಟಿ ಹತ್ರದ ತುಂಗಭದ್ರಾ ಡ್ಯಾಮ್) 19ನೇ ಗೇಟ್ ಚೈನ್ ಕಟ್ಟಾಗಿ ಕೊಚ್ಚಿಕೊಂಡು ಹೋತಲ್ರಿ, ಮರುದಿನ ನಮ್ಮ ಗಂಗಾವತಿ ಕಡಿ ಯಾರ ಸ್ಟೇಟಸ್ ನೋಡಿದ್ರೂ ಬೈಗುಳನ. ನಾನೂ ಬೈದೆ. ಭತ್ತದ ಗದ್ದಿ ಕಣ್ಮುಂದ, ನೀರು ನೋಡಿದ್ರ ಸುಮ್ನ ಹರದು ಹೊಂಟೈತಿ, ಸಿಟ್ಟಿನಾಗ ಒಬ್ಬ ಲೀಡರ್ ಮನಿತನ ಎತ್ತಿ ಬರದುಬಿಟ್ಟೆ. ಅವ್ರ ಹುಡುಗ್ರು ಬಂದು ಗೇಟಿನ ಮಾತು ಬಿಟ್ಟು ಮನಿತನದ ಮಾತೇ ಹಿಡಕೊಂಡ್ರು, ಎರಡು ದಿನ ಅದ ಜಗಳ, ಗೇಟ್ ಯಾಕ ಮುರೀತು ಅಂತ ಒಬ್ಬರೂ ಕೇಳಲಿಲ್ಲ. ಹಂಗಾಗಿ ಜಾತಿ, ಹೆಣ್ಮಕ್ಕಳು, ಮೈಬಣ್ಣ ಇವುಕ್ಕ ಕೈ ಹಾಕಬ್ಯಾಡ್ರಿ, ಅದು ಅವ್ರಿಗೆ ತಪ್ಪಿಸ್ಕೊಳ್ಳಾಕ ನಾವೇ ಬಾಗಲಾ ತೆರದಂಗ.

ಮೊದಲು ಆ ಕೆಲಸ ಯಾರದು ಅಂತ ನೋಡ್ರಿ. ಡ್ಯಾಮ್ ನೋಡಿಕೊಳ್ಳೋದು ತುಂಗಭದ್ರಾ ಮಂಡಳಿ, ಅದರಾಗ ಕರ್ನಾಟಕ, ಆಂಧ್ರ, ತೆಲಂಗಾಣದವ್ರು ಅದಾರ, ಅಧ್ಯಕ್ಷರನ್ನ ನೇಮಿಸೋದು ಕೇಂದ್ರ. ಇದು ಗೊತ್ತಾದ ಮ್ಯಾಲೆ ನಾನು ಬೈದಿದ್ದನ್ನ ಅಳಿಸಿ ಹಿಂಗ ಬರದೆ: "ಸಾಹೇಬ್ರ, ಮಂಡಳಿ ಮೀಟಿಂಗಿನ್ಯಾಗ ನಮ್ಮ ರಾಜ್ಯದವ್ರು ಗೇಟ್ ರಿಪೇರಿ ವಿಷಯ ಎತ್ತಿದ್ರಾ? ಎತ್ತಿದ್ರ ನಡಾವಳಿ ತೋರಸ್ರಿ. ಇಲ್ಲಂದ್ರ ನೀವು ಯಾವಾಗ ಪತ್ರ ಬರದ್ರಿ, ಹೇಳ್ರಿ."

ಕಾಗದ ಇಲ್ಲದ ಮಾತಿಗೆ ಅವ್ರು ಹೆದರಂಗಿಲ್ಲ. ಎಲೆಕ್ಷನ್‌ಗೆ ನಿಂತವ್ರ ಅಫಿಡವಿಟ್‌ನ್ಯಾಗ ಆಸ್ತಿ, ಸಾಲ, ಕೇಸು ಎಲ್ಲಾ ಇರತೈತಿ, ಚುನಾವಣಾ ಆಯೋಗದ ವೆಬ್‌ಸೈಟ್‌ನ್ಯಾಗ ಯಾರ ಬೇಕಾದ್ರೂ ನೋಡಬಹುದು. ರಸ್ತೆ, ಕಾಲುವಿ ಬಿಲ್ಲು ಬೇಕಂದ್ರ ಆರ್‌ಟಿಐ, ಅಂದ್ರ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ, 10 ರೂಪಾಯಿ ಫೀ, 30 ದಿನದಾಗ ಉತ್ತರ ಕೊಡಬೇಕು, ನಮ್ಮ ರಾಜ್ಯದಾಗ ಒಂದು ಅರ್ಜಿಗೆ ಒಂದ ವಿಷಯ, 150 ಶಬ್ದದೊಳಗ.

ಇನ್ನ ಬಳ್ಳಾರಿ ಅಕ್ರಮ ಮೈನಿಂಗ್ ಮಾತು ಬಂದ್ರಂತೂ ಶಬ್ದ ಬಾಳ ನೋಡಿ ಹಾಕ್ರಿ. 2011ರ ಲೋಕಾಯುಕ್ತ ವರದಿಯಾಗ ಹೆಸರು ಬಂದದ್ದು ಬ್ಯಾರೆ, ಚಾರ್ಜ್‌ಶೀಟ್ ಹಾಕಿದ್ದು ಬ್ಯಾರೆ, ಕೋರ್ಟ್ ಶಿಕ್ಷೆ ಕೊಟ್ಟದ್ದು ಬ್ಯಾರೆ. ಯಾವ ಹಂತದಾಗ ಐತೋ ಅಷ್ಟ ಬರೀರಿ. ಆರೋಪ ಇದ್ದವ್ರನ್ನ ಕಳ್ಳ ಅಂತ ಬರದ್ರ ಮಾನನಷ್ಟ ಕೇಸು ನಿಮ್ ಮ್ಯಾಲ ಬರತೈತಿ, ಎರಡು ವರ್ಷದ ತನಕ ಜೈಲು ಐತಿ ಅದಕ್ಕ.

ನಿಮ್ಮ ಪಾರ್ಟಿಯವ್ರು ಅದ ತಪ್ಪು ಮಾಡಿದ್ರೂ ಅದ ಪ್ರಶ್ನೆ ಕೇಳ್ರಿ, ನನಗ ಇದ ಎಲ್ಲಕ್ಕಿಂತ ದೊಡ್ಡದು ಅನಸ್ತೈತಿ. ಅವ್ರು ಒಳ್ಳೇದು ಮಾಡಿದ್ದಿದ್ರ ಅದನ್ನೂ ಒಂದು ಸಾಲು ಬರೀರಿ.

ನಾನು ಎರಡನೇ ಸಲ ಬರದ ಮ್ಯಾಲೆ ಹಿಂದಿನ ದಿನ ನನ್ನ ಜೊತಿ ಜಗಳಾಡಿದ್ದ ಹುಡುಗನೇ ಫೋನ್ ಮಾಡಿದ, "ಅಣ್ಣಾ, ನಮ್ದೂ ನಾಕು ಎಕರೆ ಕಾಲುವಿ ಕೆಳಗೇ ಐತಿ, ಆ ನಡಾವಳಿ ಸಿಕ್ರ ನನಗೂ ಕಳಸು" ಅಂದ.