ಹದ್ದು ಇದ್ದರಷ್ಟೇ ಸಾಲದು: ಪೋಲೆಂಡಿನ ವಿಸ್ ಪಿಸ್ತೂಲಿಗೆ ನಾನು ಬೆಲೆ ಕಟ್ಟುವ ಬಗೆ

ಪೋಲೆಂಡಿನ ಹಳೆಯ ಸೇನಾ ಪಿಸ್ತೂಲು ಅಂದ ಕೂಡಲೇ ಸಂಗ್ರಹಕಾರರ ಬಾಯಿಗೆ ಬರುವ ಹೆಸರು ವಿಸ್. ಅಮೆರಿಕದಲ್ಲಿ ಇದನ್ನು ತಯಾರಾದ ಊರಿನ ಹೆಸರಿನಿಂದ ರಾಡೋಮ್ ಅಂತಲೇ ಕರೆಯುತ್ತಾರೆ. ನಾನು ಕೊಡಗಿನವನು. ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದೆ. ಪಿಸ್ತೂಲಿನ ಹುಚ್ಚು ಹತ್ತಿದ್ದು ಮಾತ್ರ ಟೆಕ್ಸಸ್‌ಗೆ ಬಂದು ನೆಲೆಸಿದ ಮೇಲೆ. ಊರಿನ ಗೆಳೆಯರು ಆಗಾಗ ಕೇಳುತ್ತಾರೆ, "ಇಲ್ಲಿಗೂ ಒಂದು ತರಬಹುದಾ ಮಾರಾಯ?" ಅಂತ. ಆಗಲ್ಲ. ವಿಸ್ 9 ಎಂಎಂ ಪಿಸ್ತೂಲು. ಭಾರತದಲ್ಲಿ ಅದು ನಿಷೇಧಿತ ಬೋರ್ (ನಳಿಕೆಯ ಅಳತೆ), ಜನಸಾಮಾನ್ಯರಿಗೆ ಸಿಗುವುದಿಲ್ಲ.

ಇಲ್ಲಿ ನನ್ನ ಹತ್ತಿರ ಇರುವುದು ಸಂಗ್ರಹಕಾರರ ಫೆಡರಲ್ ಲೈಸೆನ್ಸ್. 3 ವರ್ಷಕ್ಕೆ 30 ಡಾಲರ್. 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಬಂದೂಕು, ಪಿಸ್ತೂಲುಗಳನ್ನು ಬೇರೆ ರಾಜ್ಯದಿಂದ ನೇರವಾಗಿ ತರಿಸಿಕೊಳ್ಳಬಹುದು. ಬಂದದ್ದು, ಹೋದದ್ದು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕು. ವ್ಯಾಪಾರ ಮಾಡುವ ಹಾಗಿಲ್ಲ. ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ, ಅದನ್ನು ಮೊದಲು ನೋಡಿಕೊಳ್ಳಿ.

ವಿಸ್ ಅನ್ನು ವಿನ್ಯಾಸ ಮಾಡಿದವರು ಪ್ಯೋತರ್ ವಿಲ್ನೇವ್‌ಚಿಟ್ಸ್ ಮತ್ತು ಯಾನ್ ಸ್ಕ್ಷಿಪಿನ್‌ಸ್ಕಿ. ಬುನಾದಿ ಅಮೆರಿಕದ ಬಂದೂಕು ವಿನ್ಯಾಸಕಾರ ಬ್ರೌನಿಂಗ್‌ದು. ಅವರದೇ ಕೋಲ್ಟ್ 1911 ಪಿಸ್ತೂಲು ಬಿಚ್ಚಿ ಜೋಡಿಸಿ ಗೊತ್ತಿರುವವರಿಗೆ ಇದರ ಒಳಗು ಹೊಸದೇನೂ ಅನಿಸುವುದಿಲ್ಲ. ಮ್ಯಾಗಜಿನ್‌ನಲ್ಲಿ 8 ಗುಂಡು. ಎಡಗಡೆ ಮೂರು ಲಿವರ್ ಇರುತ್ತವೆ, ಹೊಸಬರು ತಬ್ಬಿಬ್ಬಾಗುವುದು ಅಲ್ಲೇ. ಫ್ರೇಮಿನ (ಪಿಸ್ತೂಲಿನ ಮೈಯ) ಹಿಂತುದಿಯಲ್ಲಿರುವುದು ಸೇಫ್ಟಿ ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ. ಅಲ್ಲ, ಪಿಸ್ತೂಲು ಬಿಚ್ಚುವಾಗ ಸ್ಲೈಡ್ (ಹಿಂದೆ ಮುಂದೆ ಸರಿಯುವ ಮೇಲ್ಭಾಗ) ಹಿಡಿದು ನಿಲ್ಲಿಸುವ ಕೊಂಡಿ ಅದು. ಸ್ಲೈಡ್ ಮೇಲಿರುವುದನ್ನು ಒತ್ತಿದರೆ ಎಳೆದ ಹ್ಯಾಮರ್ (ಹಿಂದಿನ ಸುತ್ತಿಗೆ) ಸುರಕ್ಷಿತವಾಗಿ ಕೆಳಗಿಳಿಯುತ್ತದೆ. ಕುದುರೆ ಮೇಲೆ ಕೂತವನು ಒಂದೇ ಕೈಯಲ್ಲಿ ಈ ಕೆಲಸ ಮಾಡುವಂತಿರಬೇಕು ಅಂತ ಅಶ್ವದಳದವರು ಕೇಳಿದ್ದರು. ಮೂರನೆಯದು ಸ್ಲೈಡ್ ಸ್ಟಾಪ್, ಸ್ಲೈಡನ್ನು ಹಿಂದೆ ಹಿಡಿದಿಡುವ ಲಿವರ್. ಮಾರಾಟದ ಮೇಜಿನ ಮೇಲಿಟ್ಟ ಪಿಸ್ತೂಲನ್ನು ಮಾಲೀಕನನ್ನು ಕೇಳಿಯೇ ಕೈಗೆತ್ತಿಕೊಳ್ಳಿ, ಖಾಲಿ ಇದೆಯಾ ಅಂತ ನೀವೇ ನೋಡಿ. ಹ್ಯಾಮರ್ ಇಳಿಸುವ ಲಿವರನ್ನು ಸುಮ್ನೆ ಮತ್ತೆ ಮತ್ತೆ ಒತ್ತಬೇಡಿ. ಆ ಕಾಲದ ಫೈರಿಂಗ್ ಪಿನ್ (ಗುಂಡಿಗೆ ಬಡಿಯುವ ಕಡ್ಡಿ) ಮುರಿದರೆ ಸಂಜೆಯೆಲ್ಲ ಕ್ಷಮೆ ಕೇಳುತ್ತಾ ಕೂರಬೇಕಾಗುತ್ತದೆ.

ಬೆಲೆಯ ವಿಷಯ ಬಂದರೆ ಇತಿಹಾಸ ಎರಡು ಹೋಳಾಗುತ್ತದೆ. 1939ರ ಸೆಪ್ಟೆಂಬರ್‌ವರೆಗೆ ಪೋಲಿಷ್ ಸೇನೆಗೆ ತಲುಪಿದ್ದು ಸುಮಾರು 49,000. ಇವುಗಳ ಸ್ಲೈಡ್ ಮೇಲೆ ಕಿರೀಟ ಹೊತ್ತ ಪೋಲಿಷ್ ಹದ್ದು, ಕಾರ್ಖಾನೆಯ ಹೆಸರು, ತಯಾರಾದ ವರ್ಷ ಇರುತ್ತವೆ. ಆಮೇಲೆ ಜರ್ಮನ್ನರು ಕಾರ್ಖಾನೆ ವಶಪಡಿಸಿಕೊಂಡು ತಮಗಾಗಿ 3 ಲಕ್ಷಕ್ಕೂ ಜಾಸ್ತಿ ಮಾಡಿಸಿದರು. ಹದ್ದು ಹೋಯಿತು, ಪಿ.35(ಪಿ) ಅನ್ನುವ ಗುರುತು ಮತ್ತು 77 ಸಂಖ್ಯೆಯ ಜರ್ಮನ್ ತಪಾಸಣೆ ಮುದ್ರೆ ಬಂತು. ಈ ಲೆಕ್ಕ ನೋಡಿದರೆ ಹದ್ದಿನ ವಿಸ್‌ಗೆ ಮಾಮೂಲಿ ಯುದ್ಧಕಾಲದ ವಿಸ್‌ಗಿಂತ ಎರಡು ಮೂರು ಪಟ್ಟು ಬೆಲೆ ಬರುವುದು ಯಾಕೆ ಅಂತ ಹೇಳಬೇಕಿಲ್ಲ.

ಅದಕ್ಕೇ ಎಲ್ಲರ ಕಣ್ಣೂ ಹದ್ದಿನ ಮೇಲೆ. ನಾನು ಹದ್ದನ್ನು ಕೊನೆಗೆ ನೋಡುತ್ತೇನೆ. ಮೊದಲು ಪಿಸ್ತೂಲು ತಿರುಗಿಸಿ ಹಿಡಿಯ ಹಿಂಭಾಗ ನೋಡುತ್ತೇನೆ. ಯುದ್ಧಕ್ಕೆ ಮುಂಚಿನ ಫ್ರೇಮಿನಲ್ಲಿ ಅಲ್ಲಿ ಉದ್ದಕ್ಕೆ ಒಂದು ತೋಡು ಇರುತ್ತದೆ, ಭುಜಕ್ಕೆ ಆನಿಸುವ ಹಿಡಿಕೆ ಸಿಕ್ಕಿಸಲು. ಜರ್ಮನ್ನರು ಮೊದಮೊದಲು ಅದನ್ನು ಉಳಿಸಿಕೊಂಡರು, ಆಮೇಲೆ ಕೈಬಿಟ್ಟರು. ಇನ್ನೂ ಅವಸರ ಹೆಚ್ಚಾದಾಗ ಬಿಚ್ಚುವ ಕೊಂಡಿಯನ್ನೂ ಬಿಟ್ಟರು, ಮೂರು ಲಿವರ್ ಎರಡಾಯಿತು. ಹಾಗಾಗಿ ತೋಡು ಇಲ್ಲದ ಫ್ರೇಮಿನ ಮೇಲೆ ಹದ್ದಿನ ಸ್ಲೈಡ್ ಕೂತಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಎರಡು ಪಿಸ್ತೂಲು ಸೇರಿಸಿ ಒಂದು ಮಾಡಿದ್ದಾರೆ. ಭಾಗಗಳ ಬೆಲೆ ಕೊಡುತ್ತೇನೆ, ಪಿಸ್ತೂಲಿನ ಬೆಲೆ ಕೊಡಲ್ಲ.

ಒಮ್ಮೆ ಹಳೆಯ ಬಂದೂಕುಗಳ ಸಂತೆಯಲ್ಲಿ ಕನ್ನಡಿಯಂತೆ ಹೊಳೆಯುವ 1938ರ ಹದ್ದಿನ ವಿಸ್ ಇತ್ತು. ತೋಡು ಇತ್ತು, ಮೂರು ಲಿವರೂ ಇದ್ದವು. ಭೂತಗನ್ನಡಿ ಹಿಡಿದೆ. ಕಾರ್ಖಾನೆಯ ಹೆಸರಿನ ಮೊದಲ ಅಕ್ಷರಗಳು ಆಳವಾಗಿ, ಚೂಪಾಗಿ ಇವೆ. ಬಲಕ್ಕೆ ಹೋದಂತೆ ತೆಳುವಾಗಿ, ಕೊನೆಯವು ಕೂದಲೆಳೆಯಷ್ಟಾಗಿವೆ. ಹದ್ದಿನ ರೆಕ್ಕೆಯ ಗರಿಗಳು ಒಂದಕ್ಕೊಂದು ಅಂಟಿವೆ. ಸ್ಲೈಡಿನ ಅಂಚು ಬೆರಳಿಗೆ ತಾಗಬೇಕಿತ್ತು, ಜಾರುತ್ತಿತ್ತು. ಬ್ಲೂಯಿಂಗ್ (ಉಕ್ಕಿಗೆ ಏರಿಸುವ ನೀಲಿ ಬಣ್ಣ) ಕೆಳಗೆ ತುಕ್ಕು ತಿಂದ ಸಣ್ಣ ಗುಳಿಗಳು, ಅವೂ ನೀಲಿಯೇ! ಯಾರೋ ಪಾಲಿಶ್ ಚಕ್ರಕ್ಕೆ ಒತ್ತಿಹಿಡಿದು, ಮತ್ತೆ ಬಣ್ಣ ಏರಿಸಿದ್ದಾರೆ. ಮಾರುವವರು "ನೋಡಿ ಸರ್, ಇನ್ನೂ ಹೊಸದು" ಅನ್ನುತ್ತಲೇ ಇದ್ದರು. ನನ್ನ ಲೆಕ್ಕದಲ್ಲಿ ಅದು ಅರ್ಧ ಬೆಲೆಯನ್ನೂ ಬಾಳುತ್ತಿರಲಿಲ್ಲ. ತುದಿಗಳಲ್ಲಿ ಬಣ್ಣ ಸವೆದು ಬಿಳಿ ಉಕ್ಕು ಕಾಣುವ, ಆದರೆ ಯಾರೂ ಕೈಯಾಡಿಸದ ಜರ್ಮನ್ ಕಾಲದ ವಿಸ್ ನನಗೆ ಅದಕ್ಕಿಂತ ಮೇಲು.

ಇನ್ನೊಂದು, ಕಥೆಗೆ ದುಡ್ಡು ಕೊಡಬೇಡಿ. ರಾಡೋಮ್ ಕಾರ್ಖಾನೆಯ ಕಾರ್ಮಿಕರು ಭಾಗಗಳನ್ನು ಕದ್ದು ಹೊರಗೆ ಸಾಗಿಸಿ ಜರ್ಮನ್ನರ ವಿರುದ್ಧ ಹೋರಾಡುತ್ತಿದ್ದ ಪೋಲಿಷ್ ಭೂಗತ ಸೇನೆಗೆ ಪಿಸ್ತೂಲು ಒದಗಿಸಿದ್ದು ನಿಜ. ಅದು ಬಯಲಾದಾಗ, 1942ರ ಅಕ್ಟೋಬರ್‌ನಲ್ಲಿ, ಜರ್ಮನ್ನರು ಜನರ ಕಣ್ಣೆದುರೇ ಹಲವರನ್ನು ನೇಣಿಗೆ ಹಾಕಿದ್ದೂ ನಿಜ. ಕಳವು ತಡೆಯಲೆಂದೇ ಬ್ಯಾರೆಲ್‌ಗಳನ್ನು ಆಸ್ಟ್ರಿಯಾದ ಸ್ಟೈಯರ್‌ನಲ್ಲಿ ಮಾಡಿಸುತ್ತಿದ್ದರು. ಆದರೆ ತಪಾಸಣೆ ಮುದ್ರೆ ಕಾಣದ ಪ್ರತಿ ಪಿಸ್ತೂಲೂ ಭೂಗತ ಸೇನೆಯದ್ದು ಅಂದರೆ ಹೇಗೆ? ಉಜ್ಜಿದರೂ ಮುದ್ರೆ ಹೋಗುತ್ತದೆ ಅಲ್ವಾ. ಕಾಗದ ಇದ್ದರೆ ಮಾತ್ರ ಮಾತು ಬೇರೆ. ಯುದ್ಧದಿಂದ ಮರಳಿದ ಅಮೆರಿಕನ್ ಸೈನಿಕ ವಶಪಡಿಸಿಕೊಂಡ ಪಿಸ್ತೂಲನ್ನು ಮನೆಗೆ ತರಲು ಅಧಿಕಾರಿ ಸಹಿ ಮಾಡಿದ ಚೀಟಿ ಬೇಕಿತ್ತು. ಅದರಲ್ಲಿರುವ ನಂಬರು ಫ್ರೇಮಿನ ನಂಬರಿಗೆ ಹೊಂದಿದರೆ ನಾನೂ ಜೇಬು ಸಡಿಲಿಸುತ್ತೇನೆ. ಆಮದುದಾರರ ಹೆಸರು ಕೊರೆದಿದ್ದರೆ ಬೆಲೆ ಇಳಿಯುತ್ತದೆ. ಯುದ್ಧದ ಕೊನೆಯಲ್ಲಿ ತಯಾರಿಕೆ ಸ್ಟೈಯರ್‌ಗೆ ಹೋದ ಮೇಲೆ ಬಂದ, ಬಿಎನ್‌ಝಡ್ (ಸ್ಟೈಯರ್‌ನ ಸಂಕೇತ) ಗುರುತಿನವು ನೋಡಲು ಒರಟು. ಆದರೂ ಅಪರೂಪ, ಒಳ್ಳೆಯ ಬೆಲೆ ಇದೆ. ಅದಕ್ಕೇ ನಕಲಿ ಗುರುತಿನ ಬಗ್ಗೆ ಅಲ್ಲೂ ಹುಷಾರು.

ಶುರು ಮಾಡುವವರು ವಿಸ್‌ಗೇ ಕೈ ಹಾಕಬೇಕಿಲ್ಲ. 1960ರ ದಶಕದಲ್ಲಿ ಬಂದ ಪೋಲೆಂಡಿನದೇ ಪಿ-64 ಪಿಸ್ತೂಲು ಇದೆ. 9×18 ಮಕಾರೊವ್ ಗುಂಡು, ಮ್ಯಾಗಜಿನ್‌ನಲ್ಲಿ 6. ಅಮೆರಿಕಕ್ಕೆ ಧಾರಾಳವಾಗಿ ಆಮದಾಗಿದೆ, ಹಾಗಾಗಿ ಕೈಗೆಟುಕುತ್ತದೆ. ಹ್ಯಾಮರ್ ಇಳಿದಿದ್ದಾಗ ಟ್ರಿಗರ್ ಎಳೆಯಲು ಬೆರಳಿಗೆ ಒಳ್ಳೆ ಕಸರತ್ತು. ವೃತ್ತದೊಳಗೆ 11 ಅಂತಿರುವ ರಾಡೋಮ್ ಮುದ್ರೆ ಓದುವುದನ್ನು ಇದರಲ್ಲೇ ರೂಢಿ ಮಾಡಿಕೊಳ್ಳಬಹುದು.

ತಂದ ಮೇಲೆ ಪಾಲಿಶ್ ಡಬ್ಬಿ ಮುಟ್ಟಬೇಡಿ. ತೆಳ್ಳಗೆ ಎಣ್ಣೆ ಸವರಿದರೆ ಸಾಕು. ಜೊತೆಗೆ ಹಳೆಯ ಚರ್ಮದ ಹೋಲ್‌ಸ್ಟರ್ ಸಿಕ್ಕಿದ್ದರೆ ಪಿಸ್ತೂಲನ್ನು ಅದರೊಳಗೆ ಇಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಂಡು ತುಕ್ಕು ಏಳಿಸುತ್ತದೆ. ಎರಡನ್ನೂ ಬೇರೆ ಬೇರೆ ಇಡಿ, ಮಳೆಗಾಲದಲ್ಲಿ ಸೇಫಿನೊಳಗಿನ ಸಿಲಿಕಾ ಜೆಲ್ ಬದಲಾಯಿಸುತ್ತಿರಿ.