ಹಳೆಯ ಎಂಜಿಬಿಯನ್ನು ಐದು ತಿಂಗಳು ಮಲಗಿಸುವುದು

ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಹೊರವಲಯದಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ 1972ರ ಎಂಜಿಬಿ ರೋಡ್‌ಸ್ಟರ್ ಎಂಬ, ಮೇಲ್ಛಾವಣಿ ಮಡಚುವ ಪುಟ್ಟ ಕಾರೊಂದಿದೆ. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ, 1798 ಸಿಸಿ ಇಂಜಿನ್ನೂ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಎಸ್‌ಯು ಕಂಪನಿಯ ಎರಡು ಕಾರ್ಬ್ಯುರೇಟರುಗಳೂ ಇರುವ ಈ ಗಾಡಿಯನ್ನು ಕೊಂಡು ಒಂಬತ್ತು ವರ್ಷಗಳಾದವು. ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಅದರಲ್ಲಿ ಸುತ್ತಾಡುವ ನಾನು, ನವೆಂಬರ್ ಆರಂಭದಿಂದ ಏಪ್ರಿಲ್ ನಡುವಿನವರೆಗೆ ಅದನ್ನು ರಸ್ತೆಗೆ ಇಳಿಸುವುದಿಲ್ಲ. ಹಿಮ ಕರಗಿಸಲು ಇಲ್ಲಿನ ರಸ್ತೆಗಳಿಗೆ ಕಲ್ಲುಪ್ಪು ಸುರಿಯುವುದೇ ಇದಕ್ಕೆ ಮುಖ್ಯ ಕಾರಣ. ಡೆಟ್ರಾಯಿಟ್ ಊರಿನ ಅಡಿಯಲ್ಲೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಕಲ್ಲುಪ್ಪಿನ ಗಣಿಯಿದೆ. ಆದ್ದರಿಂದ ಇಲ್ಲಿ ಉಪ್ಪಿಗೆ ಬರವೆಂಬುದಿಲ್ಲ. ಎಂಜಿಬಿಗೆ ಪ್ರತ್ಯೇಕ ಚಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾದುಹೋಗುವ ಸಿಲ್‌ಗಳೇ ಗಾಡಿಯ ಭಾರವನ್ನು ಹೊರುತ್ತವೆ, ಅವು ಒಳಗಿನಿಂದ ತುಕ್ಕು ತಿಂದವೆಂದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಮೊದಲ ವರ್ಷ ನಾನು ಮಾಡಿದ್ದೆಲ್ಲ ಚಳಿಯ ಭಯದಿಂದ ಮಾಡಿದ್ದು. ಗಾಡಿಯನ್ನು ತೊಳೆದು, ಅದೇ ಸಂಜೆ ಒಳಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನು ಬಿಗಿಯಾಗಿ ಎಳೆದು, ದೊಡ್ಡದೊಂದು ಪ್ಲಾಸ್ಟಿಕ್ ಟಾರ್ಪಾಲನ್ನು ನೆಲ ಮುಟ್ಟುವಂತೆ ಹೊದೆಸಿದ್ದೆ. ಎರಡು ವಾರಕ್ಕೊಮ್ಮೆ ಹತ್ತು ನಿಮಿಷ ಇಂಜಿನ್ ಚಾಲೂ ಮಾಡಿ, ದೊಡ್ಡ ಉಪಕಾರ ಮಾಡಿದೆನೆಂದು ಬೀಗುತ್ತಿದ್ದೆ. ಏಪ್ರಿಲ್‌ನಲ್ಲಿ ಹೊದಿಕೆ ತೆಗೆದಾಗ ಸೀಟುಗಳ ಮೇಲೆ ಬಿಳಿ ಬೂಷ್ಟು ಕಟ್ಟಿತ್ತು, ಕ್ರೋಮ್ ಬಂಪರಿನ ಮೇಲೆ ಸಾಸಿವೆಯಷ್ಟು ತುಕ್ಕಿನ ಚುಕ್ಕೆಗಳಿದ್ದವು, ಆಯಿಲ್ ಮುಚ್ಚಳದ ಒಳಮೈಗೆ ಕೆನೆಯಂಥ ಕಂದು ನೊರೆ ಮೆತ್ತಿಕೊಂಡಿತ್ತು. ಹಿಂದಿನ ಬ್ರೇಕ್ ಶೂಗಳು ಡ್ರಮ್ಮಿಗೆ ಎಷ್ಟು ಭದ್ರವಾಗಿ ಅಂಟಿದ್ದವೆಂದರೆ, ಡ್ರಮ್ಮಿನ ಅಂಚಿಗೆ ಮರದ ಕೊಡತಿಯಿಂದ ಅರ್ಧ ದಿನ ಬಡಿದ ಮೇಲಷ್ಟೇ ಗಾಡಿ ಕದಲಿತು.

ಆ ರಾತ್ರಿ ತೀರ್ಥಹಳ್ಳಿಗೆ ಫೋನ್ ಮಾಡಿ ಅಪ್ಪಯ್ಯನಿಗೆ ಇದನ್ನೆಲ್ಲ ಹೇಳಿದೆ. ಅವರು ಪ್ರೀಮಿಯರ್ ಪದ್ಮಿನಿಯೊಂದನ್ನು ಇಪ್ಪತ್ತು ಮಳೆಗಾಲ ಕೊಟ್ಟಿಗೆಯ ಪಕ್ಕದ ಸೋಗೆ ಮಾಡಿನಡಿ ಕಾಪಾಡಿದವರು. "ಪ್ಲಾಸ್ಟಿಕ್ ಹೊದೆಸಿದ್ರೆ ಕಬ್ಬಿಣ ಬೆವರ್ತದೆ ಮಾರಾಯಾ, ಗಾಳಿಯಾಡೋ ಹಾಗೆ ಗೋಣಿತಾಟು ಹಾಕ್ಬೇಕಿತ್ತು" ಎಂದರು. ಮಿಷಿಗನ್ನಿನ ಚಳಿಗೂ ಮಲೆನಾಡಿನ ಮಳೆಗೂ ಏನು ಸಂಬಂಧವೆಂದು ಆಗ ನಾನು ಒಳಗೊಳಗೇ ನಕ್ಕಿದ್ದೆ. ಆದರೆ ನನ್ನ ಗಾಡಿಗೆ ಆದ ಹಾನಿಯೆಲ್ಲವೂ ನೀರಿನಿಂದಲೇ ಆದದ್ದು. ಜನವರಿಯ ಕೊರೆಯುವ ಚಳಿಯಲ್ಲಿ ಇಲ್ಲಿನ ಗಾಳಿ ಒಣಗಿರುತ್ತದೆ, ಆಗ ಕಬ್ಬಿಣಕ್ಕೆ ಅಷ್ಟು ಅಪಾಯವಿಲ್ಲ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಇದ್ದಕ್ಕಿದ್ದಂತೆ ಒಂದು ದಿನ ಬಿಸಿಲೇರಿ ಹಿಮ ಕರಗಿದಾಗ ಗಾಳಿ ಬೆಚ್ಚಗಾಗಿ ತೇವ ತುಂಬಿಕೊಳ್ಳುತ್ತದೆ, ಆದರೆ ವಾರಗಟ್ಟಲೆ ತಣ್ಣಗಾಗಿ ನಿಂತ ಇಂಜಿನ್ನೂ ಬ್ರೇಕ್ ಡ್ರಮ್ಮೂ ಅಷ್ಟು ಬೇಗ ಬಿಸಿಯಾಗುವುದಿಲ್ಲ. ಫ್ರಿಜ್ಜಿನಿಂದ ತೆಗೆದಿಟ್ಟ ತಂಬಿಗೆಯ ಮೇಲೆ ನೀರು ಕೂರುವಂತೆ ಅವುಗಳ ಮೈಮೇಲೆಲ್ಲ ಹನಿ ಕೂರುತ್ತದೆ. ಪ್ಲಾಸ್ಟಿಕ್ಕಿನ ಒಳಗೆ ಆ ಹನಿ ಒಣಗುವ ದಾರಿಯೇ ಇರುವುದಿಲ್ಲ.

ಈಗ ನನ್ನ ಕೆಲಸ ಅಕ್ಟೋಬರ್ ಮೂರನೆಯ ವಾರದಲ್ಲಿ, ಇನ್ನೂ ಉಪ್ಪು ಬೀಳದ ಒಣ ದಿನವೊಂದರಲ್ಲಿ ಆರಂಭವಾಗುತ್ತದೆ. ಮಡ್‌ಗಾರ್ಡುಗಳ ಒಳಭಾಗದಲ್ಲಿ ಗಟ್ಟಿಯಾದ ಮಣ್ಣನ್ನು ಮರದ ಚಕ್ಕೆಯಿಂದ ಕೆರೆದು ತೆಗೆದು, ಗಾಡಿಯ ಅಡಿಯನ್ನೂ ಸೇರಿಸಿ ತೊಳೆಯುತ್ತೇನೆ. ಬಾಗಿಲು ಮತ್ತು ಸಿಲ್‌ಗಳ ಕೆಳಗೆ ನೀರು ಹರಿದುಹೋಗಲೆಂದು ಮಾಡಿರುವ ಸಣ್ಣ ತೂತುಗಳಿಗೆ ತಂತಿ ಹಾಕಿ ಬಿಡಿಸುವುದನ್ನು ಮಾತ್ರ ಎಂದೂ ತಪ್ಪಿಸುವುದಿಲ್ಲ. ತೊಳೆದ ಮರುದಿನ ನಲವತ್ತು ಕಿಲೋಮೀಟರ್‌ನಷ್ಟು ಓಡಿಸಿ, ಬ್ರೇಕುಗಳೂ ಸೈಲೆನ್ಸರ್ ಕೊಳವೆಯೂ ಚೆನ್ನಾಗಿ ಬಿಸಿಯಾಗಿ ಒಣಗಿದ ಮೇಲೆಯೇ ಒಳಗೆ ತರುತ್ತೇನೆ.

ಆ ಓಟಕ್ಕೆ ಹೊರಡುವ ಮುನ್ನ ಪೆಟ್ರೋಲಿನ ಕೆಲಸ ಮುಗಿದಿರಬೇಕು. ಇಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡ 10ರಷ್ಟು ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೀರಿದ ನೀರು ಒಂದು ಮಿತಿ ದಾಟಿತೆಂದರೆ ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪು ಎಳೆದುಕೊಳ್ಳುವುದೂ ತಳದಿಂದಲೇ. ಆದ್ದರಿಂದ ಕೊನೆಯ ಸಲ ಟ್ಯಾಂಕು ತುಂಬುವಾಗ ದೋಣಿಗಳವರಿಗಾಗಿ ಸರೋವರದ ದಡದ ಬಂಕುಗಳಲ್ಲಿ ಮಾರುವ ಎಥೆನಾಲ್ ಇಲ್ಲದ ಪೆಟ್ರೋಲನ್ನು ಹಾಕಿಸುತ್ತೇನೆ. ಬೆಲೆ ಹೆಚ್ಚು, ಆದರೆ ವರ್ಷಕ್ಕೊಮ್ಮೆ ಮಾತ್ರ. ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಸರ್ ದ್ರಾವಣವನ್ನು ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲಿ ಮೊದಲು ಟ್ಯಾಂಕಿಗೆ ಸುರಿದು, ಅದರ ಮೇಲೆ ಪೆಟ್ರೋಲ್ ತುಂಬಿಸಿ ಹೊರಟರೆ, ಆ ಓಟದಲ್ಲಿ ಅದು ಕಾರ್ಬ್ಯುರೇಟರುಗಳವರೆಗೂ ತಲುಪುತ್ತದೆ. ಟ್ಯಾಂಕು ಹೆಚ್ಚುಕಡಿಮೆ ಭರ್ತಿಯಾಗಿದ್ದರೆ ಒಳಗೆ ಗಾಳಿ ಕಡಿಮೆ, ಗಾಳಿ ಕಡಿಮೆಯಾದಷ್ಟು ಬೆವರೂ ಕಡಿಮೆ. ಭಾರತದಲ್ಲಿ ಈಗ ಶೇಕಡ 20ರ ಎಥೆನಾಲ್ ಪೆಟ್ರೋಲ್ ಬಂದಿರುವುದರಿಂದ, ಮಳೆಗಾಲದಲ್ಲಿ ಹಳೆಯ ಗಾಡಿ ನಿಲ್ಲಿಸುವವರಿಗೂ ಈ ಮಾತು ಅನ್ವಯಿಸುತ್ತದೆ ಎಂದುಕೊಂಡಿದ್ದೇನೆ. ಮನೆಗೆ ಬಂದ ಮೇಲೆ ಪಂಪಿನ ವೈರನ್ನು ಕಳಚಿ, ಇಂಜಿನ್ ತಾನಾಗಿಯೇ ನಿಲ್ಲುವವರೆಗೆ ಓಡಲು ಬಿಡುತ್ತೇನೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನಲ್ಲಿ ಉಳಿದದ್ದು ಆರಿ ಅಂಟಾಗುವ ತೊಂದರೆ ಇದರಿಂದ ತಪ್ಪಿದೆ.

ಇಂಜಿನ್ ಇನ್ನೂ ಬಿಸಿಯಿರುವಾಗಲೇ ಆಯಿಲನ್ನೂ ಫಿಲ್ಟರನ್ನೂ ಬದಲಾಯಿಸುತ್ತೇನೆ. ವಸಂತದಲ್ಲಿ ಹೇಗೂ ಬದಲಾಯಿಸಬೇಕಲ್ಲ, ಈಗೇಕೆ ಎಂದು ನನ್ನ ಗೆಳೆಯರೊಬ್ಬರು ಪ್ರತಿ ವರ್ಷ ತಗಾದೆ ತೆಗೆಯುತ್ತಾರೆ. ಬೇಸಿಗೆಯಿಡೀ ಓಡಿದ ಆಯಿಲಿನಲ್ಲಿ ನೀರಿನ ಅಂಶವೂ ಉರಿದ ಇಂಧನದಿಂದ ಬಂದ ಆಮ್ಲವೂ ಸೇರಿರುತ್ತವೆ, ಅವು ಬೇರಿಂಗುಗಳ ಮೇಲೆ ಐದು ತಿಂಗಳು ಕೂರುವುದು ನನಗೆ ಸರಿಕಾಣುವುದಿಲ್ಲ. ಆಮೇಲೆ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಚಿಕ್ಕ ಚಮಚದಷ್ಟು ಆಯಿಲ್ ಬಿಟ್ಟು, ಗಾಡಿಯನ್ನು ನಾಲ್ಕನೆಯ ಗೇರಿನಲ್ಲಿಟ್ಟು ಮಗನ ಕೈಯಲ್ಲಿ ಒಂದೆರಡು ಅಡಿ ತಳ್ಳಿಸಿದರೆ, ಪಿಸ್ಟನ್ನುಗಳು ಮೇಲೆ ಕೆಳಗೆ ಆಡಿ ಆಯಿಲ್ ಗೋಡೆಗಳಿಗೆಲ್ಲ ಹರಡುತ್ತದೆ.

ರೇಡಿಯೇಟರಿನ ವಿಷಯದಲ್ಲಿ ಮಾತ್ರ ಚಳಿಯೇ ನೇರ ಶತ್ರು. ನೀರೂ ಎಥಿಲೀನ್ ಗ್ಲೈಕಾಲೂ ಸಮಪ್ರಮಾಣದಲ್ಲಿದ್ದರೆ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟುವುದಿಲ್ಲ. ಇನ್ನೂ ಭದ್ರವಾಗಲೆಂದು ಬರೀ ಗ್ಲೈಕಾಲನ್ನೇ ತುಂಬಿದರೆ ಕೆಲಸ ಕೆಡುತ್ತದೆ, ಏಕೆಂದರೆ ಶುದ್ಧ ಗ್ಲೈಕಾಲ್ ಮೈನಸ್ 13ರ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಹತ್ತು ಡಾಲರಿನೊಳಗೆ ಸಿಗುವ ಪಿಚಕಾರಿಯಂಥ ಪರೀಕ್ಷಕದಲ್ಲಿ ನೋಡಿದರೆ ಒಂದು ನಿಮಿಷದಲ್ಲಿ ಹದ ತಿಳಿಯುತ್ತದೆ. ಚೆಲ್ಲಿದ್ದನ್ನು ಕೂಡಲೇ ಒರೆಸಬೇಕು; ಅದರ ರುಚಿ ಸಿಹಿ, ನೆಕ್ಕಿದ ನಾಯಿ, ಬೆಕ್ಕುಗಳು ಸಾಯುತ್ತವೆ. ಇಷ್ಟೆಲ್ಲ ಎಚ್ಚರ ವಹಿಸಿದ ನಾನು ಎರಡನೆಯ ವರ್ಷ ಗಾಜು ತೊಳೆಯುವ ನೀರಿನ ಬಾಟಲಿಯನ್ನು ಖಾಲಿ ಮಾಡಲು ಮರೆತು, ಅದು ಒಡೆದುಹೋಗಿತ್ತು.

ಈ ಕಾಲದ ಎಂಜಿಬಿಗಳಲ್ಲಿ ಸೀಟುಗಳ ಹಿಂದೆ, ಕಾರ್ಪೆಟ್ಟಿನ ಕೆಳಗೆ, 6 ವೋಲ್ಟಿನ ಎರಡು ಬ್ಯಾಟರಿಗಳಿರುತ್ತವೆ. ಅರ್ತ್ ತಂತಿಯನ್ನು ಮೊದಲು ಬಿಚ್ಚಿ, ಎರಡನ್ನೂ ಹೊರಗೆ ತೆಗೆದು, ನೆಲಮಾಳಿಗೆಯ ಮೇಜಿನ ಮೇಲೆ ಸರಣಿಯಲ್ಲಿ ಜೋಡಿಸಿ, ತುಂಬಿದ ಕೂಡಲೇ ತಾನೇ ತಗ್ಗುವ ಚಾರ್ಜರಿಗೆ ಹಾಕಿಡುತ್ತೇನೆ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟದು. ಆದರೆ ಖಾಲಿಯಾದ ಬ್ಯಾಟರಿಯೊಳಗಿನದು ಹೆಚ್ಚುಕಡಿಮೆ ಬರೀ ನೀರು, ಮೈನಸ್ 10 ಆಗುವ ಮುನ್ನವೇ ಅದು ಉಬ್ಬಿ ಡಬ್ಬಿ ಸೀಳಬಹುದು.

ನಿಲ್ಲಿಸುವ ಜಾಗದಲ್ಲಿ ಕಾಂಕ್ರೀಟಿನ ಮೇಲೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಪ್ಲೈವುಡ್ ತುಂಡುಗಳನ್ನಿಟ್ಟು ಚಕ್ರಗಳನ್ನು ಏರಿಸುತ್ತೇನೆ. ಅಪ್ಪಯ್ಯ ಬೈದ ಪ್ಲಾಸ್ಟಿಕ್ ಕೆಳಗಿದ್ದಾಗ ಉಪಕಾರಿಯೇ, ನೆಲದಿಂದ ಏರುವ ತೇವವನ್ನು ಅದು ತಡೆಯುತ್ತದೆ. ಟೈರು ಒಂದೇ ಕಡೆ ಚಪ್ಪಟೆಯಾಗದಿರಲೆಂದು ಮಾಮೂಲಿಗಿಂತ 10 ಪಿಎಸ್‌ಐ ಹೆಚ್ಚು ಗಾಳಿ ತುಂಬಿಸುತ್ತೇನೆ. ಹ್ಯಾಂಡ್‌ಬ್ರೇಕ್ ಮುಟ್ಟುವುದಿಲ್ಲ, ಚಕ್ರಗಳಿಗೆ ಮರದ ಅಡೆ ಕೊಟ್ಟರೆ ಸಾಕು. ಬಟ್ಟೆಯಂತೆ ಮಡಚುವ ಮೇಲ್ಛಾವಣಿಯನ್ನು ಏರಿಸಿಯೇ ಬಿಡುತ್ತೇನೆ, ಮಡಚಿಟ್ಟರೆ ಚಳಿಗೆ ಗಡುಸಾದ ವಿನೈಲ್ ಮಡಿಕೆಯಲ್ಲೇ ಬಿರಿಯುತ್ತದೆ. ಹೊದಿಕೆ ಈಗ ಗಾಳಿಯಾಡುವ ಹತ್ತಿಯದು.

ನೀರಿನ ಕಾಟ ಕಳೆದರೂ ಇಲಿಯ ಕಾಟ ಕಳೆಯಲು ಇನ್ನೂ ಎರಡು ವರ್ಷ ಹಿಡಿಯಿತು. ಮೊದಲ ಚಳಿ ಬಿದ್ದೊಡನೆ ಹೊಲ, ತೋಪುಗಳ ಸುಂಡಿಲಿಯಷ್ಟು ಪುಟ್ಟ ಇಲಿಗಳು ಬೆಚ್ಚನೆಯ ಜಾಗ ಹುಡುಕಿಕೊಂಡು ಗ್ಯಾರೇಜಿಗೆ ಬರುತ್ತವೆ. ಒಂದು ವರ್ಷ ಏರ್ ಫಿಲ್ಟರಿನ ಡಬ್ಬಿಯಲ್ಲಿ ಸೀಟಿನ ಹತ್ತಿಯ ಗೂಡು, ಅದರೊಳಗೆ ಓಕ್ ಮರದ ಕಾಯಿಗಳ ದಾಸ್ತಾನು ಸಿಕ್ಕಿತು. ಪರಿಮಳದ ಹಾಳೆ, ಪುದೀನ ಎಣ್ಣೆ ಎಲ್ಲವನ್ನೂ ಇಟ್ಟು ನೋಡಿದ್ದೇನೆ. ಗ್ಯಾರೇಜು ಘಮಘಮಿಸಿತೇ ಹೊರತು ಇಲಿಗಳು ಹಿಂದೆಗೆಯಲಿಲ್ಲ. ಈಗ ಸೈಲೆನ್ಸರ್ ಕೊಳವೆಯ ಬಾಯಿಗೂ ಏರ್ ಫಿಲ್ಟರಿನ ಬಾಯಿಗಳಿಗೂ ಉಕ್ಕಿನ ನಾರನ್ನು ತುರುಕಿ, ಗೋಡೆಯ ಬುಡದುದ್ದಕ್ಕೂ ಇಲಿಕತ್ತರಿ ಇಡುತ್ತೇನೆ. ಇಲ್ಲಿನ ಕೆಲವು ಇಲಿಗಳ ಹಿಕ್ಕೆಯಿಂದ ಹ್ಯಾಂಟಾವೈರಸ್ ಹರಡುವ ಅಪಾಯವಿರುವುದರಿಂದ, ಅವುಗಳ ಗೂಡನ್ನು ಒಣಗಿದ್ದಾಗ ಗುಡಿಸದೆ, ಕೈಗವಸು ತೊಟ್ಟು, ಬ್ಲೀಚ್ ನೀರಿನಲ್ಲಿ ನೆನೆಸಿ ತೆಗೆಯುತ್ತೇನೆ. ಎಲ್ಲೆಲ್ಲಿ ನಾರು ತುರುಕಿದ್ದೇನೆ, ಏನೇನು ಬಿಚ್ಚಿದ್ದೇನೆ ಎಂಬುದನ್ನು ರಟ್ಟಿನ ಮೇಲೆ ಬರೆದು ಸ್ಟಿಯರಿಂಗಿಗೆ ಕಟ್ಟುತ್ತೇನೆ.

ಚಳಿಗಾಲದ ನಡುವೆ ಇಂಜಿನ್ ಚಾಲೂ ಮಾಡುವುದನ್ನು ಪೂರ್ತಿ ನಿಲ್ಲಿಸಿದ್ದೇನೆ. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತದೆ. ನಿಂತಲ್ಲೇ ಹತ್ತು ನಿಮಿಷ ಓಡಿದ ಇಂಜಿನ್ ಅದನ್ನು ಹೊರಗಟ್ಟುವಷ್ಟು ಬಿಸಿಯಾಗದ ಕಾರಣ ಆ ನೀರು ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿಯುತ್ತದೆ. ಮೊದಲ ವರ್ಷ ಮುಚ್ಚಳದ ಕೆಳಗೆ ಕಂಡ ನೊರೆ ಅದೇ. ತಿಂಗಳಿಗೊಮ್ಮೆ ಹೋಗಿ ಗಾಡಿಯನ್ನು ಕಾಲು ಸುತ್ತು ತಳ್ಳಿ, ಇಲಿಕತ್ತರಿಗಳನ್ನು ನೋಡಿ ಬರುವುದಷ್ಟೇ ಈಗಿನ ಉಪಚಾರ.

ಏಪ್ರಿಲ್‌ನಲ್ಲಿ ಹಿಮ ಹೋದ ಮಾತ್ರಕ್ಕೆ ಹೊರಡುವುದಿಲ್ಲ, ಎರಡು ಜೋರು ಮಳೆ ಬಂದು ರಸ್ತೆಯ ಉಪ್ಪು ತೊಳೆದುಹೋಗಲೆಂದು ಕಾಯುತ್ತೇನೆ. ಆಮೇಲೆ ರಟ್ಟನ್ನು ಓದಿಕೊಂಡು ಒಂದೊಂದೇ ನಾರಿನ ಉಂಡೆಯನ್ನು ಹೊರಗೆ ತೆಗೆದು, ಟೈರುಗಳ ಗಾಳಿಯನ್ನು ಮಾಮೂಲಿಗೆ ಇಳಿಸಿ, ಬ್ಯಾಟರಿಗಳನ್ನು ಕೂರಿಸಿ, ಪ್ಲಗ್ಗುಗಳಿಲ್ಲದೆ ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಮುಳ್ಳು ಮೇಲೇಳುವುದನ್ನು ನೋಡುತ್ತೇನೆ. ಪ್ಲಗ್ಗು ಹಾಕಿ, ಪಂಪಿನ ವೈರು ಸಿಕ್ಕಿಸಿ ಕೀಲಿ ತಿರುಗಿಸಿದಾಗ ಹಿಂದುಗಡೆಯಿಂದ ಎಸ್‌ಯು ಪಂಪಿನ ಟಕಟಕ ಸದ್ದು ಕೇಳತೊಡಗುತ್ತದೆ. ಮೊದಮೊದಲು ಅದು ಅವಸರದ್ದು. ಫ್ಲೋಟ್ ಬಟ್ಟಲುಗಳು ತುಂಬುತ್ತ ಬಂದಂತೆ ನಿಧಾನವಾಗಿ, ಕೊನೆಗೆ ನಿಲ್ಲುತ್ತದೆ. ಅದು ನಿಂತ ಮೇಲೆ ಚೋಕ್ ಎಳೆಯುತ್ತೇನೆ. ಕಳೆದ ಏಪ್ರಿಲ್‌ನಲ್ಲಿ ಎರಡನೆಯ ಸಲಕ್ಕೇ ಇಂಜಿನ್ ಹಿಡಿಯಿತು.