ಚಿಕ್ಕ ಕಾರಿನಲ್ಲಿ ಘಾಟಿ: ಗೇರ್ ಮೊದಲು, ತಿರುವು ಆಮೇಲೆ

ಆಗುಂಬೆಯ 14 ಹೇರ್‌ಪಿನ್ ತಿರುವು ಹತ್ತಲು ದೊಡ್ಡ ಎಂಜಿನ್ ಬೇಕಿಲ್ಲ. ಆಲ್ಟೋ, ಕ್ವಿಡ್, ಇಯಾನ್, ಹಳೆಯ ಸ್ಯಾಂಟ್ರೋ ಎಲ್ಲವೂ ಹತ್ತುತ್ತವೆ. ಅಗಲ ಕಡಿಮೆಯಾದ್ದರಿಂದ ಚಾರ್ಮಾಡಿಯ ಇಕ್ಕಟ್ಟಿನಲ್ಲಿ ದೊಡ್ಡ ಗಾಡಿಗಳಿಗಿಂತ ಇವಕ್ಕೇ ಅನುಕೂಲ ಜಾಸ್ತಿ. ತಿರುವಿನ ಮಧ್ಯೆ ಗಾಡಿ ಆಫ್ ಆಯಿತು, ಕ್ಲಚ್ ಸುಟ್ಟ ವಾಸನೆ ಬಂತು, ಇಳಿಯುವಾಗ ಬ್ರೇಕ್ ಹಿಡಿಯಲಿಲ್ಲ ಎಂಬ ದೂರುಗಳು ಬಹುಪಾಲು ಹುಟ್ಟುವುದು ಒಂದೇ ಕಡೆ: ತಿರುವಿಗೆ ಮೊದಲೇ ಹಾಕಬೇಕಾದ ಗೇರನ್ನು ಹಾಕಿರುವುದಿಲ್ಲ.

ಹತ್ತುವಾಗ

ಆಲ್ಟೋ 800 ಈಗ ತಯಾರಾಗುತ್ತಿಲ್ಲವಾದರೂ ಮಲೆನಾಡಿನಲ್ಲಿ ಬೇಕಾದಷ್ಟು ಓಡುತ್ತಿವೆ, ಹಾಗಾಗಿ ಲೆಕ್ಕಕ್ಕೆ ಅದನ್ನೇ ಇಟ್ಟುಕೊಳ್ಳೋಣ. 796 ಸಿಸಿ ಎಂಜಿನ್, ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 69 ನ್ಯೂಟನ್ ಮೀಟರ್, ಅದೂ 3,500 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಗಾಡಿಯ ತೂಕ 700 ಕಿಲೋ ಆಸುಪಾಸು. ಐದು ಜನ ಕೂತು ಡಿಕ್ಕಿ ತುಂಬ ಬ್ಯಾಗು ಹಾಕಿದರೆ ಅದರ ಅರ್ಧದಷ್ಟು ಭಾರ ಮೇಲೆ ಬಿತ್ತು. ಇಂಥ ಗಾಡಿ ಏರಿನಲ್ಲಿ 1,500 ಆರ್‌ಪಿಎಂಗೆ ಇಳಿದ ಮೇಲೆ ಎಷ್ಟು ಎಕ್ಸಿಲರೇಟರ್ ತುಳಿದರೂ ಎಳೆಯುವುದಿಲ್ಲ, ಗಡಗಡ ನಡುಗುತ್ತದೆ ಅಷ್ಟೆ. ಇದರಲ್ಲಿ ಆರ್‌ಪಿಎಂ ಮೀಟರ್ ಇಲ್ಲ, ಆದ್ದರಿಂದ ಸ್ಪೀಡನ್ನೇ ನೋಡಬೇಕು. ಏರಿನಲ್ಲಿ ಥರ್ಡ್ ಗೇರ್ ಸುಮಾರು 35ಕ್ಕೆ ಬಂದರೆ ಸೆಕೆಂಡಿಗೆ ಇಳಿಸಿ. ಸೆಕೆಂಡ್ 20ಕ್ಕಿಂತ ಕೆಳಗೆ ಹೋಗುವ ಲಕ್ಷಣ ಕಂಡರೆ ಫಸ್ಟ್‌ಗೆ ಇಳಿಸಿ. ಎಂಜಿನ್ ಸದ್ದು ಜೋರಾಯಿತೆಂದು ಹೆದರುವವರೇ ಹೆಚ್ಚು. ಪೆಟ್ರೋಲ್ ಎಂಜಿನ್‌ಗೆ ಆ ಸದ್ದಿನಿಂದ ಏನೂ ಆಗದು, ಕೆಳ ಆರ್‌ಪಿಎಂನಲ್ಲಿ ಒದ್ದಾಡಿಸಿದರೇ ಅದಕ್ಕೆ ತೊಂದರೆ.

ಓಡುತ್ತಿರುವಾಗ ಫಸ್ಟ್‌ಗೆ ಇಳಿಸುವುದೇ ಅನೇಕರಿಗೆ ಕಷ್ಟ. ವೇಗ 10–12ಕ್ಕೆ ಬರುವವರೆಗೆ ಗೇರ್ ಒಪ್ಪುವುದಿಲ್ಲ, ಬಲವಂತ ಮಾಡಿದರೆ ಕರಕರ ಎನ್ನುತ್ತದೆ. ಅದಕ್ಕೇ ಈ ಕೆಲಸವನ್ನು ತಿರುವಿಗೆ ಹತ್ತು ಹದಿನೈದು ಮೀಟರ್ ಮುಂಚೆ, ಗಾಡಿ ನೇರವಾಗಿರುವಾಗಲೇ ಮುಗಿಸಿ. ತಿರುವಿನೊಳಗೆ ಕ್ಲಚ್ ತುಳಿದ ಕ್ಷಣ ಇದ್ದ ಓಟವೂ ಹೋಗುತ್ತದೆ, ಸ್ಟೀರಿಂಗ್ ಮೇಲೆ ಒಂದೇ ಕೈ ಉಳಿಯುತ್ತದೆ.

ನಾವು ಎಡಕ್ಕೆ ಓಡಿಸುವುದರಿಂದ ಹತ್ತುವಾಗ ನಮ್ಮನ್ನು ಸತಾಯಿಸುವುದು ಎಡ ತಿರುವು. ರಸ್ತೆ ಒಳಮೂಲೆಯಲ್ಲಿ ದಿಢೀರ್ ಏರುತ್ತದೆ. ಈ ಕಾರುಗಳೆಲ್ಲ ಮುಂದಿನ ಚಕ್ರದಿಂದ ಎಳೆಯುವಂಥವು. ಏರಿನಲ್ಲಿ ಭಾರ ಹಿಂದಕ್ಕೆ ಸರಿದು ಮುಂದಿನ ಎಡಚಕ್ರ ಹಗುರಾಗುತ್ತದೆ, ಒದ್ದೆ ಎಲೆ ಅಥವಾ ಜಲ್ಲಿಪುಡಿ ಮೇಲೆ ಗಿರ್ರನೆ ತಿರುಗಿಬಿಡುತ್ತದೆ. ಹಾಗಾಗಿ ಒಳಮೂಲೆಗೆ ಅಂಟಿಕೊಳ್ಳದೆ, ಮಧ್ಯದ ಗೆರೆಯನ್ನೂ ದಾಟದೆ, ನಮ್ಮ ಲೇನಿನ ನಡುವೆ ತಿರುಗಿಸಿ. ಚಕ್ರ ಜಾರಿದರೆ ಎಕ್ಸಿಲರೇಟರ್ ಸ್ವಲ್ಪ ಬಿಡಿ. ಹೆಚ್ಚು ಒತ್ತಿದರೆ ಇನ್ನಷ್ಟು ಜಾರುತ್ತದೆ.

ಬಸ್ಸು, ಲಾರಿಗಳಿಗೆ ಹೇರ್‌ಪಿನ್‌ನಲ್ಲಿ ರಸ್ತೆಯ ಪೂರ್ತಿ ಅಗಲ ಬೇಕು. ಮೇಲಿಂದ ಬಸ್ ಬರುವುದು ಕಂಡರೆ ತಿರುವಿಗೆ ಮೊದಲೇ ಎಡಕ್ಕೆ ನಿಲ್ಲಿಸಿ, ಅದು ತಿರುಗಿ ಬರಲಿ. ಇಕ್ಕಟ್ಟಿನ ಘಾಟಿಯಲ್ಲಿ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಕೊಡಬೇಕೆಂದು ನಿಯಮವೇ ಇದೆ. ಆದರೂ 15 ಟನ್ ಗಾಡಿಯ ಜೊತೆ ನಿಯಮದ ವಾದ ಬೇಡ.

ಏರಿನಲ್ಲಿ ನಿಂತು ಹೊರಡುವುದು

ಕ್ಲಚ್ ಸುಡುವುದು ಇಲ್ಲೇ. ಮುಂದಿನ ಗಾಡಿ ನಿಂತಾಗ ಹಾಫ್ ಕ್ಲಚ್‌ನಲ್ಲಿ (ಪೆಡಲ್ ಅರ್ಧ ಮಾತ್ರ ಬಿಟ್ಟು) ತೂಗಾಡುತ್ತ ನಿಂತರೆ ಒಂದೆರಡು ನಿಮಿಷದಲ್ಲೇ ವಾಸನೆ ಬರುತ್ತದೆ. ನಿಂತ ತಕ್ಷಣ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು ನ್ಯೂಟ್ರಲ್ ಮಾಡಿ. ಹೊರಡುವಾಗ ಫಸ್ಟ್ ಹಾಕಿ, ಎಂಜಿನ್ ಸದ್ದು ಸ್ವಲ್ಪ ಏರುವಷ್ಟು ಎಕ್ಸಿಲರೇಟರ್ ಕೊಟ್ಟು, ಕ್ಲಚ್ ನಿಧಾನ ಬಿಡುತ್ತ ಬನ್ನಿ. ಬಾನೆಟ್ ತುಸು ಮೇಲೆದ್ದು ಸದ್ದು ತಗ್ಗುವ ಜಾಗದಲ್ಲಿ ಕಾಲು ಹಾಗೇ ಹಿಡಿಯಿರಿ. ಆಗ ಹ್ಯಾಂಡ್ ಬ್ರೇಕ್ ಗುಂಡಿ ಒತ್ತಿ ಇಳಿಸಿದರೆ ಗಾಡಿ ಒಂದಿಂಚೂ ಹಿಂದೆ ಹೋಗದು. ಮುಂದಿನ ಗಾಡಿಯಿಂದ ಒಂದೂವರೆ ಕಾರಿನಷ್ಟು ಅಂತರ ಇರಲಿ, ಅದೇ ಹಿಂದಕ್ಕೆ ಜಾರಿದರೆ ತಪ್ಪಿಸಿಕೊಳ್ಳಲು ಜಾಗ ಬೇಕು. ವಾಸನೆ ಬಂದುಬಿಟ್ಟರೆ ಅಗಲವಾದ ಜಾಗದಲ್ಲಿ ಹದಿನೈದು ನಿಮಿಷ ನಿಲ್ಲಿಸಿ ಆರಲು ಬಿಡಿ.

ಎಎಂಟಿ (ತಾನೇ ಗೇರ್ ಬದಲಿಸುವ) ಗಾಡಿಯಲ್ಲಿ ಎಡ ಪೆಡಲ್ ಇಲ್ಲ ಎಂದಮಾತ್ರಕ್ಕೆ ಕ್ಲಚ್ ಇಲ್ಲವೆಂದಲ್ಲ. ಎಕ್ಸಿಲರೇಟರ್ ಒತ್ತಿ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿಕೊಂಡರೆ ಅಲ್ಲೂ ಸುಡುವುದು ಅದೇ. ಬ್ರೇಕ್ ಅಥವಾ ಹ್ಯಾಂಡ್ ಬ್ರೇಕ್ ಬಳಸಿ. ಘಾಟಿ ಶುರುವಾಗುತ್ತಲೇ ಮ್ಯಾನುವಲ್ ಮೋಡ್‌ಗೆ ಹಾಕಿಕೊಳ್ಳಿ. ಡ್ರೈವ್ ಮೋಡ್‌ನಲ್ಲಿ ಅದು ತಿರುವಿನ ನಡುವೆಯೇ ಗೇರ್ ಬದಲಿಸಿ, ಆ ಅರೆಕ್ಷಣ ಎಳೆತವನ್ನೇ ಕಳೆದುಕೊಳ್ಳುತ್ತದೆ.

ಎಸಿ ಬಂದ್ ಮಾಡಿದರೆ ಚಿಕ್ಕ ಎಂಜಿನ್‌ಗೆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಎತ್ತರದ ಲೆಕ್ಕವೂ ಇದೆ: ಪ್ರತಿ 1,000 ಮೀಟರ್‌ಗೆ ಎಂಜಿನ್ ಸುಮಾರು ಶೇ. 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆಗುಂಬೆಯಲ್ಲಿ ಇದು ಗೊತ್ತಾಗದು, ಊಟಿಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಇಳಿಯುವಾಗ

ಹತ್ತುವುದಕ್ಕಿಂತ ಇದು ಅಪಾಯ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ: ಸೆಕೆಂಡ್, ಕಡಿದಾದ ಕಡೆ ಫಸ್ಟ್. ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬುದು ಕಾರ್ಬ್ಯುರೇಟರ್ ಕಾಲದ ಮಾತು. ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲಿದ್ದು ಎಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆಫ್ ಆಗದಿರಲು ಕುಡಿಯುತ್ತಲೇ ಇರುತ್ತದೆ. ಎಂಜಿನ್ ಆಫ್ ಮಾಡಿ ಇಳಿಸುವುದಂತೂ ಹುಚ್ಚಾಟ. ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿದು ಪೆಡಲ್ ಕಲ್ಲಾಗುತ್ತದೆ.

ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಡಿ, ಮತ್ತೆ ಬೇಕಾದಾಗ ಒತ್ತಿ. ಹಗುರವಾಗಿ ಒತ್ತಿಯೇ ಇದ್ದರೆ ಡಿಸ್ಕ್ ಆರಲು ಬಿಡುವಿಲ್ಲ. ಮೊದಲು ವಾಸನೆ, ಆಮೇಲೆ ಎಷ್ಟು ಒತ್ತಿದರೂ ಹಿಡಿತ ಸಾಲದು. ಪೆಡಲ್ ಮೆತ್ತಗಾಗಿ ಕೆಳಗೆ ಇಳಿದರೆ ಬ್ರೇಕ್ ಆಯಿಲ್ ಕುದಿದಿದೆ ಎಂದರ್ಥ. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯದೆ ತಡೆಯಬೇಕು, ತೇವ ಹೀರಿದ ಮೇಲಿನ ಮಾನದಂಡ ಬರೀ 140. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಅದಕ್ಕೇ. ಅಕಸ್ಮಾತ್ ಬ್ರೇಕ್ ಹೋದರೆ ಪೆಡಲನ್ನು ಪದೇಪದೇ ಒತ್ತುತ್ತ, ಒಂದೊಂದೇ ಗೇರ್ ಇಳಿಸುತ್ತ, ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿಹಿಡಿದೇ ಸ್ವಲ್ಪ ಸ್ವಲ್ಪ ಎಳೆಯಿರಿ. ಒಂದೇ ಸಲ ಎಳೆದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಿಬಿಡುತ್ತದೆ. ನಿಲ್ಲದಿದ್ದರೆ ಗುಡ್ಡದ ಕಡೆಯ ಚರಂಡಿಗೆ, ಮಣ್ಣಿನ ದಿಬ್ಬಕ್ಕೆ ಉಜ್ಜಿ ನಿಲ್ಲಿಸಿ.

ಮಳೆ, ಮಂಜು

ಟೈರಿನ ಹಲ್ಲು ಕಾನೂನಿಗೆ 1.6 ಮಿ.ಮೀ. ಸಾಕು, ಮಲೆನಾಡಿನ ಮಳೆಗೆ 3 ಇರಲಿ. ಗಾಳಿ ಎಷ್ಟೆಂದು ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್ ಹೇಳುತ್ತದೆ. ಪೂರ್ತಿ ಲೋಡಿನ ಅಂಕಿ ಬೇರೆ ಕೊಟ್ಟಿದ್ದರೆ ಅದನ್ನೇ ಹಾಕಿಸಿ. ಕೊಟ್ಟಿಗೆಹಾರದ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರು ಬಿಳಿ ಗೋಡೆ, ಡಿಪ್‌ನಲ್ಲೇ ಇರಿ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವ ಚಾಳಿ ಬೇಡ, ನೀವು ಯಾವ ಕಡೆ ತಿರುಗುತ್ತೀರೆಂದು ಹಿಂದಿನವರಿಗೆ ತಿಳಿಯದು. ಗಾಜಿನ ಒಳಗೆ ಮಬ್ಬು ಕಟ್ಟಿದರೆ ಎಸಿ ಹಾಕಿ, ಗಾಳಿಯನ್ನು ಗಾಜಿಗೆ ತಿರುಗಿಸಿ, ಹೊರಗಾಳಿ ತೆರೆಯಿರಿ. ಏರಿನಲ್ಲಿ ಎಸಿ ಬೇಡವೆಂದದ್ದಕ್ಕೆ ಇದೊಂದೇ ವಿನಾಯಿತಿ.

2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ, ಗುಡ್ಡ ಕುಸಿದು ಬಂದ್ ಆಗಿದ್ದವು. ಭಾರಿ ಮಳೆಯ ದಿನ ದಾರಿ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಿ. ಶಿರಾಡಿಯಲ್ಲಿ ಗ್ಯಾಸ್ ಟ್ಯಾಂಕರ್‌ಗಳ ಸಾಲು ಸಿಕ್ಕರೆ ಹಿಂದೆಯೇ ಹೋಗಿ. ಏರಿನಲ್ಲಿ 800 ಸಿಸಿಗೆ ಎರಡು ಟ್ಯಾಂಕರ್ ದಾಟುವಷ್ಟು ದಮ್ಮಿಲ್ಲ.

ಗಾಡಿ ಕೆಟ್ಟು ನಿಂತರೆ ಹ್ಯಾಂಡ್ ಬ್ರೇಕ್ ಎಳೆದು, ಮೂತಿ ಮೇಲಕ್ಕಿದ್ದರೆ ಫಸ್ಟ್, ಕೆಳಕ್ಕಿದ್ದರೆ ರಿವರ್ಸ್ ಗೇರಿನಲ್ಲಿಟ್ಟು, ಇಳಿಜಾರಿನ ಕಡೆ ಚಕ್ರಕ್ಕೆ ಕಲ್ಲು ಕೊಡಿ. ಎಚ್ಚರಿಕೆಯ ತ್ರಿಕೋನವನ್ನು ಗಾಡಿಯ ಹಿಂದೆ ಅಲ್ಲ, ಹಿಂದಿನ ತಿರುವಿಗೂ ಮೊದಲು ಇಡಿ. ಅದಿಲ್ಲದಿದ್ದರೆ ಸೊಪ್ಪಿನ ಕೊಂಬೆ ಸಾಕು, ಘಾಟಿಯ ಡ್ರೈವರ್‌ಗಳಿಗೆ ಅದು ಅರ್ಥವಾಗುತ್ತದೆ. ಹೊರಡುವಾಗ ಕಲ್ಲು, ಕೊಂಬೆ ಎರಡನ್ನೂ ರಸ್ತೆಯಿಂದಾಚೆ ಸರಿಸಿ. ರಾತ್ರಿ ಬರುವ ಬೈಕಿನವರು ಬೀಳುವುದು ಇಂಥ ಕಲ್ಲಿಗೇ.